ಜೇಬಿನಲ್ಲಿ ಉಳಿದ ನಾಲ್ಕು ಗುಳಿಗೆ

ಇಕ್ಕಳಕ್ಕೆ ಚೆಲ್ಲಾಟ, ಹಲ್ಲಿಗೆ ಪ್ರಾಣಸಂಕಟ — ಗಾದೆ ಸುಳ್ಳಾದರೂ ಈ ಕಥೆ ಸುಳ್ಳಲ್ಲ, ನನ್ನಾಣೆಗೂ ನಿಜ, ಇಗೋ ಕಣ್ಣೆದುರೇ ನಡೆಯುತ್ತಿದೆ, ಬಿಳಿ ದೀಪದ ಕೆಳಗೆ ಭಾವನ ಬಾಯಿ ಆ ಎಂದು ತೆರೆದಿದೆ, ಡಾಕ್ಟರ ಇಕ್ಕಳ ಕೆಳದವಡೆಯ ಕೊನೆಯ ಹುಳುಕು ಹಲ್ಲಿನ ಕತ್ತು ಹಿಡಿದಿದೆ, ನಾನು ಎಂಜಲು ಹೀರುವ ಕೊಳವೆ ಹಿಡಿದು ನಿಂತಿದ್ದೇನೆ, ಸೊರ್ ಸೊರ್, ಈ ಸದ್ದನ್ನು ಕೊಳವೆಗಿಂತ ನಾನೇ ಚೆನ್ನಾಗಿ ಮಾಡಬಲ್ಲೆ, ಡಾಕ್ಟರ ದನಿಯನ್ನು ಡಾಕ್ಟರಿಗಿಂತ ಚೆನ್ನಾಗಿ, ಮೂಗಿನಲ್ಲಿ ಹೊರಟು ಕೊನೆಯಲ್ಲಿ ಎಳೆಯುವ ರಾಗ, ಇರುವೆ ಕಚ್ಚಿದ ಹಾಗೇಏ, ಅಷ್ಟೇಏ — ಅದಕ್ಕೇ ಕ್ಲಿನಿಕ್ಕಿನಲ್ಲೂ ಮನೆಯಲ್ಲೂ ನಾನು ಗಿಳಿ. ಡಾಕ್ಟರು ಮಣಿಕಟ್ಟು ತಿರುಚುತ್ತಾರೆ, ದವಡೆ ಕಿರ್ರ್ ಎನ್ನುತ್ತದೆ, ಭಾವನ ಗ್ಯಾರೇಜಿನಲ್ಲಿ ತುಕ್ಕು ಹಿಡಿದ ನಟ್ಟು ಬಿಚ್ಚುವಾಗಲೂ ಇದೇ ಸದ್ದು, ಬಗ್ಗದಿದ್ರೆ ಒಂದು ಬಿಗಿ ಕಣೋ, ಲೋಹಕ್ಕೆ ಪ್ರೀತಿ ಅರ್ಥ ಆಗಲ್ಲ ಎನ್ನುತ್ತಾರೆ ಭಾವ, ಈಗ ಅವರಿಗೇ ಆ ಬಿಗಿ ಬಿದ್ದಿದೆ, ಒಸಡು ಹರಿದು ರಕ್ತ ಉಕ್ಕಿತು, ಹೀರಲು ಬಗ್ಗಿದೆ, ಕೊರಳಿಗೆ ಕಟ್ಟಿದ ಹೊದಿಕೆ ಜಾರಿತ್ತು, ಶರ್ಟಿನ ಜೇಬಿನಿಂದ ಬೆಳ್ಳಗೆ ಹೊಳೆಯುವ ಪಟ್ಟಿ ಇಣುಕಿತು, ನಾಲ್ಕು ಗುಳಿಗೆ, ನಾಲ್ಕೂ ಗೂಡಿನಲ್ಲೇ, ಒಂದೂ ಒಡೆದಿಲ್ಲ.

ಒಂದೂ ಒಡೆದಿಲ್ಲ, ಅಂದರೆ ನುಂಗಿಲ್ಲ, ಅಂದರೆ ನಿನ್ನೆ ನಾನು ಫೋನಿನಲ್ಲಿ ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದಾರೆ, ಜನ್ಮದಲ್ಲಿ ಯಾರ ಮಾತೂ ಕೇಳದ ಮನುಷ್ಯ ನನ್ನ ಮಾತು ಕೇಳಿದ್ದಾರೆ, ನನ್ನದೆಂದು ತಿಳಿಯದೆ — ಎರಡು ವರ್ಷದ ಹಿಂದೆ ಇದೇ ಎದೆಯನ್ನು ಗರಗಸದಿಂದ ಸೀಳಿ, ಹೃದಯದ ಕೆಟ್ಟ ಕವಾಟ ಕಿತ್ತೆಸೆದು, ಲೋಹದ್ದು ಕೂರಿಸಿದರು, ಹಲ್ಲಿನ ಕೆಲಸ ಏನೇ ಇರ್ಲಿ, ಒಂದು ಗಂಟೆ ಮೊದಲು ಈ ನಾಲ್ಕು ಗುಳಿಗೆ ನುಂಗಲೇಬೇಕು, ಬಾಯಿಯ ಕ್ರಿಮಿ ರಕ್ತಕ್ಕಿಳಿದು ಕವಾಟದ ಮೇಲೆ ಕೂತ್ರೆ ಹೃದಯ ಕೊಳೆಯುತ್ತೆ ಎಂದರು ಹೃದಯದ ಡಾಕ್ಟರು, ಬಾಯಿ ನೋಡ್ಕೊಳ್ರೀ ಎಂದು ಅಕ್ಕ ಅತ್ತಳು, ಬಾಯಿ ನೋಡ್ಕೊಳ್ಳೋದು ನಿನ್ನ ತಮ್ಮನ ಕೆಲಸ ಕಣೇ, ನನ್ನ ಕೆಲಸ ತಿನ್ನೋದು ಎಂದರು ಭಾವ. ತಿನ್ನುವುದೇ, ಮೊನ್ನೆ ನನ್ನ ತಟ್ಟೆಗೂ ಕೈ ಹಾಕಿ, ಕಂಡವರ ದನೀಲಿ ಬದುಕೋನಿಗೆ ಸ್ವಂತ ಬಾಯಿ ಯಾಕೋ, ಹೊಟ್ಟೆ ಯಾಕೋ ಎಂದು ಎಲ್ಲರೆದುರು ನಗಿಸಿದರು, ಆಗ ತೀರ್ಮಾನಿಸಿದೆ, ಒಂದೇ ಒಂದು ಬೆಳಿಗ್ಗೆ ಇವರನ್ನು ಉಪವಾಸ ಕೆಡವಬೇಕು, ಕ್ಲಿನಿಕ್ಕಿನ ಫೋನು, ಡಾಕ್ಟರ ಮೂಗು, ನಾಳೆ ಬೆಳಿಗ್ಗೆ ಏನೂ ತಿನ್ನಬಾರದೂಊ, ಹನಿ ನೀರೂ ಗಂಟಲಿಗೆ ಇಳೀಬಾರದೂಊ, ಆಯ್ತು ಸಾರ್, ಆಯ್ತು ಸಾರ್ ಎಂದರು ಪಾಪ, ನಾನು ಮೇಜಿಗೆ ಹಣೆ ಒತ್ತಿ ನಗು ನುಂಗಿದೆ. ನೀರಿಲ್ಲದೆ ಗುಳಿಗೆ ಹೇಗಿಳಿದೀತು ಎಂದು ಹೊಳೆಯಲಿಲ್ಲವೇ ಗಿಳಿಯೇ, ಹೊಳೆಯಲಿಲ್ಲ, ಬೇರೆಯವರ ದನಿ ತೊಟ್ಟಾಗ ನನ್ನ ಬುದ್ಧಿ ಬಿಚ್ಚಿಟ್ಟಿರುತ್ತೇನೆ.

ಕಿರ್ರ್. ಬಾಗಿಲಲ್ಲಿ ಕೇಳಬೇಕಾದವನು ನಾನೇ, ಗುಳಿಗೆ ಆಯ್ತಾ ಎಂದು ಕೇಳಿ ಕಾರ್ಡಿಗೆ ಕೆಂಪು ಗುರುತು ಹಾಕಬೇಕು, ಆ ಗುರುತು ನೋಡದೆ ಡಾಕ್ಟರು ಇಕ್ಕಳ ಮುಟ್ಟುವುದಿಲ್ಲ, ಬಂದವರೆಲ್ಲರನ್ನೂ ಕೇಳುತ್ತೇನೆ, ಇವತ್ತು ಕೇಳಲಿಲ್ಲ, ಮನೆಯವರನ್ನು ಯಾರು ಕೇಳುತ್ತಾರೆ, ಹಸಿವಿಗೆ ಬತ್ತಿದ ಆ ಮುಖ ನೋಡಿ ಬಾಯಿ ತೆರೆದರೆ ನಗು ಬರುತ್ತದೆಂದು ಸುಮ್ಮನೆ ಗೀಚಿದೆ, ನನ್ನ ಕೈಯಾರೆ. ಸುಮ್ಮನಿದ್ದುಬಿಡಲೇ, ಗುರುತಿದೆ, ಪಟ್ಟಿಯನ್ನು ನಾನೇ ಎಗರಿಸಿದರೆ ಸಾಕ್ಷಿಯೂ ಇಲ್ಲ, ಜ್ವರ ಬಂದರೂ ಎರಡು ವಾರಕ್ಕೆ ಬಂದೀತು, ಯಾರಿಗೆ ನೆನಪಿರುತ್ತದೆ — ಥೂ, ನನ್ನ ಹಲ್ಲನ್ನೇ ಸುತ್ತಿಗೆಯಲ್ಲಿ ಉದುರಿಸಬೇಕು, ಕ್ರಿಮಿಗಳು ಆಗಲೇ ಹೊರಟಿವೆ, ಕೊಡಲಿ ಹಿಡಿದ ಗುಂಪಿನಂತೆ ಹರಿದ ಒಸಡಿನಿಂದ ನುಗ್ಗಿ, ರಕ್ತದಲ್ಲಿ ಈಜಿ, ಎದೆಯ ಬಾಗಿಲಿಗೆ ದಬದಬ ಬಡಿಯುತ್ತಿವೆ, ಅಕ್ಕ ಹೊರಗೆ ಬೆಂಚಿನ ಮೇಲೆ ಕೂತು ಚೀಲದ ಹಿಡಿ ತಿರುಚುತ್ತಿದ್ದಾಳೆ, ಬಾಯಿಬಿಡು, ಬಿಡು, ಬಿಟ್ಟೆ — ನಿಲ್ಲಿಸೀಈ, ಗುಳಿಗೆ ನುಂಗಿಲ್ಲಾಆ! ಬಂದದ್ದು ಡಾಕ್ಟರ ದನಿ, ಮೂಗು, ರಾಗ ಸಮೇತ, ಅಷ್ಟರಲ್ಲಿ ಲಟಕ್, ಬೇರು ಸಮೇತ ಹಲ್ಲು ಇಕ್ಕಳದಲ್ಲಿ ನೇತಾಡಿತು, ಇದ್ದ ಜಾಗದಲ್ಲಿ ಕೆಂಪು ಗುಂಡಿ.

ತಮ್ಮದೇ ದನಿ ಕೇಳಿ ಡಾಕ್ಟರು ಕಲ್ಲಾದರು, ನಿನ್ನೆಯ ಫೋನು ನನ್ನ ಬಾಯಲ್ಲಿ ಕೇಳಿ ಭಾವನ ಕಣ್ಣು ನನ್ನ ಮೇಲೆ ನೆಟ್ಟಿತು, ಗುಂಡಿ ತುಂಬಿತು, ನಾನು ಜೇಬಿನ ಪಟ್ಟಿ ಎಳೆದು ತೋರಿಸಿದೆ, ಫೋನು, ಉಪವಾಸ, ಗುರುತು, ಎಲ್ಲ ಕಕ್ಕಿದೆ, ಇಕ್ಕಳ ತಟ್ಟೆಗೆ ಠಣ್ ಎಂದು ಬಿತ್ತು, ರಕ್ತದ ಕೈಗವಸು ನನ್ನ ಕೆನ್ನೆಗೆ ಛಟೀರೆಂದು ಬಿತ್ತು, ನನ್ನ ದನೀಲಿ ಕೊಲೆ ಮಾಡೋಕೆ ಹೊರಟಿದ್ಯೇನೋ ಪಾಪಿ, ನೀರು ತಾ, ಓಡು, ಕಿತ್ತ ಎರಡು ಗಂಟೆ ಒಳಗಾದ್ರೂ ನುಂಗಿಸ್ಬಹುದು, ಓಡಿದೆ, ಗೂಡು ಒಡೆದೆ, ಒಂದು, ಎರಡು, ಮೂರು, ನಾಲ್ಕು, ಭಾವ ರಕ್ತದ ಜೊತೆಗೇ ನುಂಗಿದರು, ಇನ್ನು ದಿನಾ ಜ್ವರ ನೋಡ್ಕೊಳ್ಳಿ, ಮೈ ಒಂಚೂರು ಬಿಸಿ ಅನ್ನಿಸಿದ್ರೂ ಸೀದಾ ಹೃದಯದ ಡಾಕ್ಟ್ರ ಹತ್ರ, ಜೀವ ಉಳೀತು ಅಂತ ನಾನು ಈಗ್ಲೇ ಹೇಳಲ್ಲ ಎಂದರು ಡಾಕ್ಟರು. ಅಕ್ಕ ಬಾಗಿಲಲ್ಲಿದ್ದಾಳೆ, ಏನ್ಮಾಡ್ದೆಯೋ, ಏನ್ಮಾಡ್ದೆ, ಭಾವ ಮರಗಟ್ಟಿದ ನಾಲಿಗೆ ಹೊರಳಿಸುತ್ತಾರೆ, ಬಿಡೇ, ಇವ್ನು ಹೇಳಿದ್ರೆ ನಾನು ಕೇಳ್ತೀನಾ, ಅದಕ್ಕೇ ಡಾಕ್ಟ್ರ ದನೀನ ಕರ್ಕೊಂಡು ಬಂದ, ಹೊಟ್ಟೆ ಹಸಿದು ಸಾಯ್ತಿದೀನಿ, ಗುಂಡಿಗೆ ಕೈಕೊಡೋ ಸರದಿ ಆಮೇಲೆ, ಎಂದು ನಕ್ಕರು, ಡಾಕ್ಟರ ತುಟಿ ಒಂದಿಷ್ಟು ಸಡಿಲಿತು, ಅಕ್ಕ ಅಳುತ್ತಲೇ ನಕ್ಕಳು, ಎಲ್ಲರಿಗಿಂತ ಜೋರಾಗಿ ಭಾವನೇ, ಕುರ್ಚಿ ಅಲುಗುವಂತೆ, ಎದೆಯ ಹೊಲಿಗೆ ಬಿಚ್ಚುವಂತೆ, ನಾನು ನಗಲಾರೆ, ಕೊಳವೆ ಹಿಡಿದಿದ್ದೇನೆ, ತೆರೆದ ಬಾಯಿ, ಅದರೊಳಗೆ ಗುಂಡಿ, ಹೀರುತ್ತೇನೆ, ಖಾಲಿಯಾಗುತ್ತದೆ, ಅವರು ನಗುತ್ತಾರೆ, ತುಂಬುತ್ತದೆ, ಹೀರುತ್ತೇನೆ, ನಗುತ್ತಾರೆ, ಕೆಂಪು ಗುಂಡಿ, ತುಂಬುತ್ತದೆ, ಕೆಂಪು ಗುಂಡಿ