ಅವಸರದ ಕೆಂಪು

ಬೆಂಗಳೂರಿನ ಮರಗಳಿಗೆ ಬಣ್ಣ ತಿರುಗುವ ಚಟ ಕಮ್ಮಿ. ಇದ್ದುದರಲ್ಲಿ ಬಾದಾಮಿ ಮರವೊಂದೇ ಮರ್ಯಾದೆಯಾಗಿ ಹಳದಿಗೆ ತಿರುಗಿ, ತಾಮ್ರವಾಗಿ, ಕೊನೆಗೆ ದಾಸವಾಳದ ಹಾಗೆ ಕೆಂಪಾಗಿ ಎಲೆ ಉದುರಿಸುತ್ತದೆ. ಅದೂ ಸಂಕ್ರಾಂತಿ ಹತ್ತಿರ ಬಂದಾಗ. ಆದರೆ ಬಸವೇಶ್ವರನಗರದ ಆ ಅಡ್ಡರಸ್ತೆಯ ಮರ ಈ ವರ್ಷ ದೀಪಾವಳಿಯ ಪಟಾಕಿ ಕಾಗದ ಗುಡಿಸುವ ಮೊದಲೇ ತುದಿಯವರೆಗೂ ಕೆಂಪಾಗಿ ನಿಂತುಬಿಟ್ಟಿತು. ಹೋಗಿಬರುವವರೆಲ್ಲ ಫೋನ್ ತೆಗೆದು ಫೋಟೋ ಹೊಡೆದುಕೊಂಡರು. ಮರದ ಹಿಂದಿನ ಪಾತ್ರೆ ಅಂಗಡಿಯ ನಾಗಭೂಷಣ್ ಮಾತ್ರ ಅದರ ಕಡೆ ತಲೆಯೆತ್ತಿ ನೋಡುವುದನ್ನೇ ಬಿಟ್ಟಿದ್ದ.

ನೋಡುವುದಾದರೂ ಯಾವ ಮುಖ ಇಟ್ಟುಕೊಂಡು? ಅದಕ್ಕೆ ವಿಷ ಹಾಕಿಸಿದವನು ಅವನೇ.

ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಅಪ್ಪ ಗುರುಬಸಪ್ಪ ದಾವಣಗೆರೆಯಿಂದ ಬಂದು ಹಾಕಿದ್ದ ಅಂಗಡಿಗೆ ಮಗ ಹೊಸದಾಗಿ ಲೈಟಿನ ಬೋರ್ಡು ಹಾಕಿಸಿದ್ದ. ಬೋರ್ಡಿನ ಮುಂದೆ ಮರ. ಮುಖ್ಯರಸ್ತೆಯಿಂದ ನೋಡಿದರೆ ಎಲೆ ಕಾಣುತ್ತದೆ, ಹೆಸರು ಕಾಣುವುದಿಲ್ಲ. ಕಡಿಸಲು ಪಾಲಿಕೆಯ ಅನುಮತಿ ಕೇಳಿಕೊಂಡು ಅಲೆದ. ಹಸಿರು ಮರಕ್ಕೆ ಯಾರು ಕೊಡುತ್ತಾರೆ? ಆಗ ಹೆಂಡತಿಯ ತಮ್ಮ ಕೊಟ್ರೇಶ್, ಮರಗೆಲಸದ ವರ್ಕ್‌ಶಾಪ್ ಇಟ್ಟುಕೊಂಡವನು, ಕಿವಿ ಊದಿದ.

"ಭಾವ, ಬುಡಕ್ಕೆ ನಾಕು ತೂತು ಹೊಡ್ದು ಔಷಧಿ ಬಿಟ್ರೆ ಮುಗೀತು. ಹೆಂಗೂ ಚಳಿಗಾಲ ಬರ್ತಾ ಇದೆ. ಎಲೆ ಉದುರಿದ್ರೆ ಯಾರಿಗೆ ಡೌಟ್ ಬರುತ್ತೆ? ಒಣಗಿದ ಮೇಲೆ ಪಾಲಿಕೆಯೋರೇ ಬಂದು ಕಡ್ಕೊಂಡು ಹೋಗ್ತಾರೆ."

ಆಯುಧಪೂಜೆಯ ಮಧ್ಯಾಹ್ನವನ್ನೇ ಆರಿಸಿಕೊಂಡರು. ಬೀದಿ ತುಂಬ ಒಡೆದ ಬೂದುಗುಂಬಳ, ಚೆಲ್ಲಿದ ಕುಂಕುಮ, ಹಾರ ಹಾಕಿಸಿಕೊಂಡ ಬೈಕುಗಳು. ಆ ಗಲಾಟೆಯಲ್ಲಿ ಡ್ರಿಲ್ಲಿನ ಸದ್ದನ್ನು ಕೇಳುವವರಾರು? ಅಂದು ಬೆಳಿಗ್ಗೆ ತಾನೇ ಆ ಡ್ರಿಲ್ಲಿಗೂ ಪೂಜೆಯಾಗಿತ್ತು, ಅದರ ಮೂತಿಯ ಮೇಲೆ ಇನ್ನೂ ವಿಭೂತಿಯಿತ್ತು. ವಿಷ ಬಿಟ್ಟು, ತೂತುಗಳಿಗೆ ಮೇಣ ಮೆತ್ತಿದ ಕೊಟ್ರೇಶ್, ಅದೂ ಕಾಣಬಾರದೆಂದು ಮಿಕ್ಕಿದ್ದ ಅರಿಸಿನ ಕುಂಕುಮವನ್ನು ಕಾಂಡಕ್ಕೆ ದಪ್ಪಗೆ ಬಳಿದು ಒಂದು ಸೇವಂತಿಗೆ ಹಾರ ಸುತ್ತಿದ.

"ಇನ್ನು ಯಾವನೂ ಕೆರೆದು ನೋಡಲ್ಲ ಬಿಡಿ" ಎಂದ.

ಕೆರೆದು ನೋಡಲಿಲ್ಲ, ನಿಜ. ಕೈಮುಗಿದರು. ಮಾರನೆಯ ಬೆಳಿಗ್ಗೆ ಹಾಲಿಗೆ ಹೊರಟ ಎದುರುಮನೆಯ ಯಶೋದಮ್ಮ ಮೊದಲು ನಿಂತರು. ಯಾರೋ ಪುಣ್ಯಾತ್ಮರು ಪೂಜೆ ಮಾಡಿದ್ದಾರೆ, ನಾನು ಹಾಗೇ ಹೋಗುವುದು ಹೇಗೆ ಎಂದು ತಾವೂ ಒಂದು ಬೊಟ್ಟಿಟ್ಟರು. ಅವರನ್ನು ನೋಡಿ ಮತ್ತೊಬ್ಬರು ದಾರ ಕಟ್ಟಿದರು. ಎಲೆ ಕೆಂಪಾದ ಮೇಲಂತೂ ಕೇಳುವುದೇ ಬೇಡ. "ಪಕ್ಕದ ಬೀದೀಲಿ ಎಲ್ಲಾ ಮರ ಹಸಿರಾಗಿದಾವೆ. ನಮ್ಮ ತಾಯಿ ಒಬ್ಬಳೇ ಕಣ್ರೇ ಕುಂಕುಮದ ಸೀರೆ ಉಟ್ಟಿರೋದು" ಎಂದು ಯಶೋದಮ್ಮ ಸಾರಿದರು. ಕಾರ್ತೀಕ ಸೋಮವಾರಗಳಂದು ಬೀದಿಯ ಹೆಂಗಸರೆಲ್ಲ ದೀಪ ತಂದು ಮರದ ಕೆಳಗೆ ಸೇರತೊಡಗಿದರು.

ಮರವೂ ಹಠಕ್ಕೆ ಬಿದ್ದಂತೆ ಈ ವರ್ಷ ಎಂದೂ ಇಲ್ಲದಷ್ಟು ಕಾಯಿ ಬಿಟ್ಟಿತ್ತು. ಯಶೋದಮ್ಮ ಕಾಯಿ ಆಯ್ದು, ಒರಳಕಲ್ಲಿನಲ್ಲಿ ಒಡೆದು, ಒಳಗಿನ ಬೀಜಕ್ಕೆ ಕಲ್ಲುಸಕ್ಕರೆ ಬೆರೆಸಿ ಪ್ರಸಾದ ಹಂಚುತ್ತಿದ್ದರು. ಆರತಿ ತಟ್ಟೆ ಹಿಡಿಯುತ್ತಿದ್ದವಳು ನಾಗಭೂಷಣನ ಮಗಳು ವಚನಾ. ಮೂರನೇ ಕ್ಲಾಸಿನ ಹುಡುಗಿ, ದೊಡ್ಡವರ ಗತ್ತು. ತನ್ನ ಪಾಲಿನಲ್ಲಿ ಒಂದು ಚೂರು ಉಳಿಸಿಕೊಂಡು ಬಂದು ಅಪ್ಪನ ಬಾಯಿಗೂ ಇಡುತ್ತಿದ್ದಳು. ಅವನು ಅಗಿದು ನುಂಗುತ್ತಿದ್ದ. ಮರದ ಮಾತು ಬಂದರೆ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತಿತ್ತು ಅವನಿಗೆ.

ಒಂದು ಬೆಳಿಗ್ಗೆ, ಗಾಳಿಯಿಲ್ಲ ಮಳೆಯಿಲ್ಲ, ಕೊಂಬೆಯೊಂದು ಮುರಿದು ಮರದ ಕೆಳಗಿನ ಇಸ್ತ್ರಿ ಗಾಡಿಯ ಮೇಲೆ ಬಿತ್ತು. ಗಾಡಿಯ ತಗಡು ಚಪ್ಪಟೆಯಾಯಿತು. ಇಸ್ತ್ರಿ ಅಂಜಿನಯ್ಯ ಆಗಷ್ಟೇ ಟೀಗೆ ಹೋಗಿದ್ದ.

"ಆ ತಾಯೀನೇ ನನ್ನ ಟೀ ಕುಡಿಯೋಕೆ ಕಳ್ಸಿದ್ದು ಸಾರ್" ಎಂದು ಅಂಜಿನಯ್ಯ ಕಣ್ಣೊರೆಸಿಕೊಂಡ.

ನಾಗಭೂಷಣ್ ಮುರಿದ ತುದಿಯನ್ನು ಬಗ್ಗಿ ನೋಡಿದ. ಹೊರಗೆ ತೊಗಟೆ ಚೆನ್ನಾಗಿಯೇ ಇತ್ತು. ಒಳಗೆ ಕರ್ರಗೆ, ಒದ್ದೆಯಾಗಿ, ಹುಳಿವಾಸನೆ ಹೊಡೆಯುತ್ತಿತ್ತು. ತಲೆಯೆತ್ತಿ ಮೇಲೆ ನೋಡಿದ. ಆರತಿಗೆ ವಚನಾ ನಿಲ್ಲುವ ಜಾಗದ ಮೇಲೆಯೇ ಚಾಚಿಕೊಂಡಿದ್ದ ಇನ್ನೊಂದು ಕೊಂಬೆ ಇದರ ಎರಡರಷ್ಟು ದಪ್ಪವಿತ್ತು.

ಅಂದಿನಿಂದ ಅವನಿಗೆ ನಿದ್ದೆಯಿಲ್ಲ. ಗಾಡಿ ಆಚೆ ನಿಲ್ಲಿಸಯ್ಯ ಎಂದು ಅಂಜಿನಯ್ಯನಿಗೆ ಹೇಳಿದ. "ಕಾಪಾಡಿದೋಳ್ನ ಬಿಟ್ಟು ಎಲ್ಲಿಗೋಗ್ಲಿ ಸಾರ್" ಎಂದು ಅವನು ಗಾಡಿ ರಿಪೇರಿ ಮಾಡಿಸಿ ಅಲ್ಲೇ ನಿಲ್ಲಿಸಿದ. ಮರ ಅಪಾಯವಾಗಿದೆ, ಕಡಿಸೋಣ ಎಂದು ಯಶೋದಮ್ಮನ ಹತ್ತಿರ ಹೋದರೆ, "ದೇವರ ಮರಾನಾ? ನಾಲಿಗೆ ಕಚ್ಕೊಳ್ಳಿ" ಎಂದು ಬಾಗಿಲು ಹಾಕಿಕೊಂಡರು. ಕೊಟ್ರೇಶನಿಗೆ ಫೋನ್ ಮಾಡಿದರೆ ಅವನದು ಒಂದೇ ಮಾತು: "ಬಾಯಿ ಬಿಟ್ಟೀರಾ ಭಾವ, ಇಬ್ರೂ ಒಳಗೆ ಹೋಗ್ತೀವಿ."

ಬಾಯಿ ಬಿಡಲಿಲ್ಲ. ಎಲೆಗಳು ಮಾತ್ರ ಒಂದೊಂದಾಗಿ ಉದುರಿದವು. ಬೀದಿ ತುಂಬ ಕೆಂಪು. ಪೌರಕಾರ್ಮಿಕರು ಗುಡಿಸಿ ಹೋದ ಅರ್ಧ ಗಂಟೆಗೆ ಮತ್ತೆ ಕೆಂಪು. ಕಡೇ ಕಾರ್ತೀಕ ಸೋಮವಾರ ಬರುವ ಹೊತ್ತಿಗೆ ಬೆಳಗಿನ ಮಂಜು ಶುರುವಾಗಿತ್ತು, ಮೂಲೆಯಲ್ಲಿ ಕಡಲೆಕಾಯಿ ಗಾಡಿ ಬಂದಿತ್ತು. ಮರದಲ್ಲಿ ಉಳಿದದ್ದು ತುದಿಯ ನಾಲ್ಕಾರು ಎಲೆ.

ಆ ಸಂಜೆ ಮಗಳಿಗೆ ಹೋಗಬೇಡ ಎಂದ. ರೇಷ್ಮೆ ಲಂಗ ಉಟ್ಟು ನಿಂತಿದ್ದ ಹುಡುಗಿಯ ಕಣ್ಣು ತುಂಬಿತು.

"ರೀ, ಏನಾಗಿದೆ ನಿಮಗೆ? ಕಡೇ ಸೋಮವಾರ, ಆರತಿ ಹಿಡಿಯೋ ಮಗೂನ ತಡೀತೀರಾ?" ಎಂದು ಹೆಂಡತಿ ಸೌಂದರ್ಯಾ ಗದರಿ, ಮಗಳ ಕೈಹಿಡಿದು ಕರೆದುಕೊಂಡು ಹೋದಳು. ಅವನು ಹಿಂದೆಯೇ ಹೊರಟ, ಅಂಗಡಿಯವರೆಗೆ ಮಾತ್ರ. ಹೇಡಿ ಎಂದರೆ ಹೇಡಿಯೇ.

ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕೊಂಬೆಯನ್ನೇ ನೋಡಿದ. ಕೆಳಗೆ ಸಾಲು ದೀಪ, ಇಡೀ ಬೀದಿಯ ಹೆಂಗಸರು ಮಕ್ಕಳು. ಆರತಿ ಮುಗಿಯಿತು. ಯಶೋದಮ್ಮ ಪ್ರಸಾದದ ತಟ್ಟೆ ಎತ್ತಿಕೊಂಡು ಹಂಚಲು ಶುರುಮಾಡಿದರು. ಆಗ ಕಾಂಡದ ಒಳಗೆಲ್ಲೋ ಲಟಕ್ ಎಂದಿತು. ಸಣ್ಣ ಸದ್ದು, ಬೆರಳು ನೆಟಿಗೆ ಮುರಿದಷ್ಟು. ಕಾಯುತ್ತಿದ್ದವನಿಗೆ ಮಾತ್ರ ಕೇಳಿತು.

"ಆಚೆ ಬನ್ನಿ! ಎಲ್ಲಾ ಆಚೆ ಬನ್ನಿ! ಅದು ದೇವರಲ್ಲ, ನಾನೇ ವಿಷ ಹಾಕ್ಸಿರೋದು ಅದಕ್ಕೆ!" ಎಂದು ಕೂಗುತ್ತ ನುಗ್ಗಿದ.

ಯಾರೂ ಕದಲಲಿಲ್ಲ. "ಮೈಮೇಲೆ ಬಂದಿದೆ, ನೀರು ತನ್ನಿ" ಎಂದರು ಯಶೋದಮ್ಮ. ಯಾರೋ ಅವನ ಹಣೆಗೆ ಕುಂಕುಮ ಬಳಿದರು. ಅವನು ಎಲ್ಲರನ್ನೂ ತಳ್ಳಿಕೊಂಡು ಕಾಂಡದ ಬಳಿ ಕುಕ್ಕರಿಸಿ, ಒಂದೂವರೆ ತಿಂಗಳಿಂದ ಪದರ ಪದರವಾಗಿ ಕೂತಿದ್ದ ಕುಂಕುಮವನ್ನು ಉಗುರಿನಿಂದ ಕೆರೆದ. ಮೇಣ ಕಿತ್ತುಬಂತು. ತೂತಿನಿಂದ ಕಪ್ಪು ನೀರು ನಿಧಾನವಾಗಿ ಇಳಿದು, ಕೆಳಗಿದ್ದ ಹಣತೆಯೊಂದನ್ನು ಚುರ್ ಎಂದು ಆರಿಸಿತು.

ಈಗ ನಂಬಿದರು. ಮಕ್ಕಳನ್ನು ಎಳೆದುಕೊಂಡು ಎಲ್ಲರೂ ರಸ್ತೆಯ ಆಚೆಗೆ ಸರಿದರು. ಅಂಜಿನಯ್ಯ ಗಾಡಿ ತಳ್ಳಿಕೊಂಡು ಹೋದ, ಇವನ ಮುಖ ನೋಡಲಿಲ್ಲ. ಸೌಂದರ್ಯಾ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ನಾಗಭೂಷಣ್ ಮಾತ್ರ ಎಷ್ಟೋ ದಿನದ ಮೇಲೆ ಸರಾಗವಾಗಿ ಉಸಿರಾಡಿದ. ಬೈಯಲಿ, ಹೊಡೆಯಲಿ, ಜೈಲಿಗೇ ಹಾಕಲಿ. ಮಗಳು ಕೊಂಬೆಯ ಕೆಳಗಿಲ್ಲ.

ಆದರೆ ಯಾರೂ ಬೈಯುತ್ತಿರಲಿಲ್ಲ. ಯಾಕೆಂದು ತಲೆಯೆತ್ತಿ ನೋಡಿದ. ಎಲ್ಲರ ಕಣ್ಣೂ ಯಶೋದಮ್ಮನ ಕೈಯಲ್ಲಿದ್ದ ತಟ್ಟೆಯ ಮೇಲಿತ್ತು. ಅರ್ಧ ಹಂಚಿ ಮುಗಿದಿದ್ದ ತಟ್ಟೆ. ತಟ್ಟೆ ಓರೆಯಾಗಿ ಬೀಜಗಳು ಒಂದೊಂದೇ ರಸ್ತೆಗೆ ಉದುರುತ್ತಿದ್ದವು. ವಿಷ ಬುಡದಲ್ಲಿದೆ ಎಂದೇ ಅವನು ಇಷ್ಟು ದಿನ ಅಂದುಕೊಂಡಿದ್ದ.

ರಸ್ತೆಯ ಆಚೆ ವಚನಾ, ಒಂದು ಕೆನ್ನೆ ಉಬ್ಬಿಸಿಕೊಂಡು, ಅಗಿಯುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು.

"ಅಪ್ಪಾ," ಎಂದಳು, "ಇದನ್ನ ನುಂಗ್ಲಾ, ಉಗೀಲಾ?"