ಹಾಸಿಗೆಗೊಂದು ದಿಂಬಿಗೊಂದು ಲೈನು

ಅಣ್ಣ ತಮ್ಮ ಪಾಲಾದಾಗ ಹಾಸಿಗೆ ಅಣ್ಣನಿಗೆ ಬಂತು, ದಿಂಬು ತಮ್ಮನಿಗೆ ಹೋಯಿತು. ಕಾರ್ಖಾನೆಯ ಕೆಳಗಿನ ಅಂತಸ್ತಿನಲ್ಲಿ ದೊಡ್ಡವರು ಹಾಸಿಗೆ ಹೊಲಿಸತೊಡಗಿದರು, ಮೇಲಿನ ಅಂತಸ್ತಿನಲ್ಲಿ ಚಿಕ್ಕವರು ದಿಂಬು ತುಂಬಿಸತೊಡಗಿದರು. ಬಾಗಿಲು ಬೇರೆಯಾಯಿತು, ಬೋರ್ಡು ಬೇರೆಯಾಯಿತು, ಕಸದ ಬುಟ್ಟಿ ಕೂಡ ಬೇರೆಯಾಯಿತು. ಪಾಲಾಗದೆ ಉಳಿದದ್ದು ಒಂದೇ ವಸ್ತು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತು ಹಸಿರು ದೀಪ ಮಿಟುಕಿಸುತ್ತಿದ್ದ ಫೋನಿನ ಪೆಟ್ಟಿಗೆ. ಅದನ್ನು ಗರಗಸ ಹಾಕಿ ಎರಡು ಮಾಡಲು ಬರುವುದಿಲ್ಲ ಎಂದು ಇಬ್ಬರಿಗೂ ತಿಳಿಹೇಳುವಷ್ಟರಲ್ಲಿ ಲೈನಕ್ಕನಿಗೆ ಸಾಕುಬೇಕಾಗಿತ್ತು.

ಲೈನಕ್ಕ ಎಂದರೆ ಆ ಪೆಟ್ಟಿಗೆಯನ್ನು ಕಟ್ಟಿದವಳು. ಇಂಟರ್ನೆಟ್ ಮೇಲೆ ನಡೆಯುವ ಫೋನುಗಳನ್ನು ಅಂಗಡಿಗಳಿಗೆ, ಆಸ್ಪತ್ರೆಗಳಿಗೆ, ಕಾರ್ಖಾನೆಗಳಿಗೆ ಜೋಡಿಸಿಕೊಟ್ಟು, ಆಮೇಲೆ ತನ್ನ ಪುಟ್ಟ ಅಂಗಡಿಯಲ್ಲಿ ಕೂತು ಪರದೆಯ ಮೇಲೆ ಅವುಗಳನ್ನು ಕಾಯುವುದು ಅವಳ ಕಸುಬು. ಯಾವ ಕರೆ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ, ದನಿ ತುಂಡಾಗುತ್ತಿದೆಯೇ, ಯಾರಾದರೂ ಹೊರಗಿನಿಂದ ಪಾಸ್‌ವರ್ಡ್ ಊಹಿಸಿ ಒಳನುಗ್ಗಲು ನೋಡುತ್ತಿದ್ದಾರೆಯೇ, ಎಲ್ಲವೂ ಅವಳಿಗೆ ಕಾಣುತ್ತದೆ. ಮಾತು ಮಾತ್ರ ಕೇಳುವುದಿಲ್ಲ. ಕೇಳಬಹುದು, ಕೇಳುವುದಿಲ್ಲ. ಆ ವಿಷಯದಲ್ಲಿ ಅವಳು ಮಹಾ ಹಟಮಾರಿ.

ಪಾಲಾದ ಮೇಲೆ ಸೋದರರು ಹಾಕಿದ ಷರತ್ತು ಒಂದೇ. ಕೆಳಗಿನ ಫೋನು ಮೇಲೆ ಮೊಳಗಕೂಡದು, ಮೇಲಿನದು ಕೆಳಗೆ ಮೊಳಗಕೂಡದು. ಲೈನಕ್ಕ ಹಾಗೆಯೇ ನಿಯಮ ಬರೆದಳು. ಅಂದಿನಿಂದ ಹಾಸಿಗೆ ಕೊಂಡವನು ಜೊತೆಗೆ ಎರಡು ದಿಂಬು ಕೇಳಿದರೆ, "ದಯವಿಟ್ಟು ಫೋನ್ ಇಟ್ಟು, ಮತ್ತೆ ಮಾಡಿ, ಎರಡನ್ನು ಒತ್ತಿ" ಎನ್ನುವ ಉತ್ತರ ಸಿಗುತ್ತಿತ್ತು. ಗಿರಾಕಿಗಳು ತಲೆ ಚಚ್ಚಿಕೊಂಡರು. ಇಷ್ಟಕ್ಕೆಲ್ಲ ಕಾರಣ ಹೆಂಗಸರು ಎಂದು ಊರೇ ಆಡಿಕೊಂಡಿತು. ದೊಡ್ಡವರ ಹೆಂಡತಿ ದೊಡ್ಡಮ್ಮ, ಚಿಕ್ಕವರ ಹೆಂಡತಿ ಚಿಕ್ಕಮ್ಮ, ಈ ವಾರಗಿತ್ತಿಯರದು ಹಾವು ಮುಂಗುಸಿಯ ಸಂಬಂಧ ಎನ್ನುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಎದುರಾದರೆ ಇಬ್ಬರೂ ಮೂಗು ಮುರಿದು ಗೋಡೆ ನೋಡುತ್ತ ಹೋಗುತ್ತಿದ್ದರು.

ಹೀಗಿರುವಾಗ ಪೆಟ್ಟಿಗೆಗೆ ಕಳ್ಳ ಬಿದ್ದ.

ಅದನ್ನು ಸಾರಿದ್ದೂ ಲೈನಕ್ಕನ ಪೆಟ್ಟಿಗೆಯೇ. ಹೊರಗಿನ ಯಾವನಾದರೂ ಒಳಬಂದರೆ ಯಜಮಾನರಿಬ್ಬರಿಗೂ ತಾನಾಗಿಯೇ ಎಚ್ಚರಿಕೆ ಹೋಗುವಂತೆ ಅವಳು ಹೊಸದಾಗಿ ಏರ್ಪಾಡು ಮಾಡಿದ್ದಳು, ಅದರ ಬಗ್ಗೆ ಜಂಬವನ್ನೂ ಕೊಚ್ಚಿಕೊಂಡಿದ್ದಳು. ಮಾರನೆಯ ದಿನವೇ ಇಬ್ಬರ ಮೊಬೈಲೂ ಬಡಿದುಕೊಂಡವು. ಯಾರೋ ಹೊರಗಿನಿಂದ ಬಂದು ದೊಡ್ಡವರ ಕೋಣೆಯ ಫೋನಿಗೆ ಕರೆಮಾಡಿ, ಊಟವಾದ ಮೇಲಿನ ಹೊತ್ತನ್ನೆಲ್ಲ ಮಾತಾಡುತ್ತಿದ್ದಾರೆ! ಆ ಹೊತ್ತಿನಲ್ಲಿ ದೊಡ್ಡವರು ಉಗ್ರಾಣದಲ್ಲಿ ತಮ್ಮದೇ ಹಾಸಿಗೆಯ ಮೇಲೆ ಗೊರಕೆ ಹೊಡೆಯುತ್ತಿರುತ್ತಾರೆ, ಮೇಲೆ ಚಿಕ್ಕವರು ತಮ್ಮದೇ ದಿಂಬಿನ ಮೇಲೆ. ಹಾಗಾದರೆ ಮಾತಾಡಿದ್ದು ಯಾರು?

ಸೋದರರು ಬೇರೆ ಬೇರೆಯಾಗಿ ಫೋನ್ ಮಾಡಿ ಒಂದೇ ಮಾತು ಹೇಳಿದರು. ಶನಿವಾರದೊಳಗೆ ಕಳ್ಳನನ್ನು ತೋರಿಸಬೇಕು, ಇಲ್ಲದಿದ್ದರೆ ಪೆಟ್ಟಿಗೆ ಕಿತ್ತು ದೊಡ್ಡ ಕಂಪನಿಯವರಿಗೆ ಒಪ್ಪಿಸುತ್ತೇವೆ. ಲೈನಕ್ಕನ ಪೆಟ್ಟಿಗೆಗೆ ಕನ್ನ ಬಿತ್ತು ಎಂದು ಸುದ್ದಿಯಾದರೆ ನಾಳೆ ಆಸ್ಪತ್ರೆಯವರೂ ಕೈಬಿಡುತ್ತಾರೆ, ನಾಡಿದ್ದು ಅಂಗಡಿ ಬಾಗಿಲು ಹಾಕಬೇಕಾಗುತ್ತದೆ. ಅವಳಿಗೆ ಇದ್ದದ್ದು ಆ ಒಂದು ಹೆಸರು.

ಪರದೆಯ ಮುಂದೆ ಕೂತು ಕಳ್ಳನ ಹೆಜ್ಜೆ ಹುಡುಕಿದಳು. ಸಾಮಾನ್ಯ ಕಳ್ಳರು ಸಾವಿರ ಪಾಸ್‌ವರ್ಡ್ ಹಾಕಿ ನೋಡುತ್ತಾರೆ. ಇವನು ಮೊದಲ ಏಟಿಗೇ ಸರಿಯಾದದ್ದನ್ನು ಹಾಕಿ, ಸ್ವಂತ ಮನೆಗೆ ಬಂದವನ ಹಾಗೆ ಒಳಬಂದಿದ್ದ. ಬಂದ ಬಾಗಿಲು ಯಾವುದು ಎಂದು ಲೈನಕ್ಕ ನೋಡಿದಳು. ಅದು ಅವಳೇ ಇಟ್ಟ ಬಾಗಿಲು. ಪೆಟ್ಟಿಗೆ ಕಟ್ಟುವಾಗ ದನಿ ಸರಿಯಾಗಿ ಹೋಗುತ್ತದೆಯೇ ಎಂದು ನೋಡಲು ಒಂದು ಪರೀಕ್ಷೆಯ ಲೈನು ಹಾಕಿಕೊಳ್ಳುವುದು ಈ ಕಸುಬಿನವರ ರೂಢಿ. ಯಾವ ನಿಯಮವೂ ಅದನ್ನು ತಡೆಯುವುದಿಲ್ಲ, ಎಲ್ಲಿಗೆ ಬೇಕಾದರೂ ಹೋಗುತ್ತದೆ. ಪಾಸ್‌ವರ್ಡ್ ಕೂಡ ಮಗುವೂ ಊಹಿಸುವಂಥದ್ದು. ಕೆಲಸ ಮುಗಿದ ಮೇಲೆ ಅಳಿಸಬೇಕು. ಅಳಿಸಿರಲಿಲ್ಲ.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಬಡಿದುಕೊಂಡು ಲೈನಕ್ಕ ಊಟದ ಹೊತ್ತು ಕಳೆಯುವುದನ್ನೇ ಕಾದು ಕಾರ್ಖಾನೆಗೆ ಓಡಿದಳು. ಕೆಳಗೊಂದು ಗೊರಕೆ, ಮೇಲೊಂದು ಗೊರಕೆ. ಮೆಟ್ಟಿಲ ಮೇಲೆ ನಿಂತು, ಕಳ್ಳನ ಲೈನಿಗೆ ತಾನೇ ಕರೆ ಮಾಡಿದಳು. ದಿಂಬಿನ ಕೋಣೆಯ ಮೂಲೆಯಲ್ಲಿ, ಮೂಟೆಗಳ ಹಿಂದೆ, ಮೊಬೈಲೊಂದು ಕಿಣಿಕಿಣಿ ಎಂದಿತು. ಇಣುಕಿದರೆ ಚಕ್ಕಳಮಕ್ಕಳ ಹಾಕಿ ಕೂತಿದ್ದವಳು ಚಿಕ್ಕಮ್ಮ!

"ಅಕ್ಕ ಇವತ್ತು ತಾನೇ ಮಾಡಿದಳು ಅಂದ್ಕೊಂಡೆ," ಎಂದಳು ಚಿಕ್ಕಮ್ಮ, ಬೆಪ್ಪಾಗಿ.

"ಯಾವ ಅಕ್ಕ?"

"ಇನ್ಯಾರು, ಕೆಳಗಿನ ಅಕ್ಕ. ನಮ್ಮ ವಾರಗಿತ್ತಿ."

ಪೆಟ್ಟಿಗೆ ಕಟ್ಟಿದ ದಿನ "ಇದನ್ನು ನಿಮ್ಮ ಮೊಬೈಲಿಗೆ ಹಾಕ್ಕೊಂಡು ಒಂದು ಸುತ್ತು ಓಡಾಡಿ, ದನಿ ತುಂಡಾಗುತ್ತಾ ಹೇಳಿ" ಎಂದು ಚಿಕ್ಕಮ್ಮನ ಕೈಗೆ ಆ ಲೈನು ಕೊಟ್ಟವಳು ತಾನೇ ಎಂಬುದು ಲೈನಕ್ಕನಿಗೆ ಈಗ ನೆನಪಾಯಿತು. ಒಂದು ದಿನ ಚಿಕ್ಕಮ್ಮನ ಬೆರಳು ತಪ್ಪಿ ಕೆಳಗೆ ಫೋನು ಮೊಳಗಿತ್ತು. ಬೈಯುವುದಕ್ಕೆಂದೇ ದೊಡ್ಡಮ್ಮ ಎತ್ತಿದ್ದಳು. ಬೈಗುಳ ಮುಗಿದ ಮೇಲೆ ಇಬ್ಬರಿಗೂ ಇಡುವ ಮನಸ್ಸಾಗಲಿಲ್ಲ. ಮೊಬೈಲಿನಿಂದ ಮೊಬೈಲಿಗೆ ಮಾಡಿದರೆ ಹೆಸರು ಗಂಡಂದಿರ ಕಣ್ಣಿಗೆ ಬೀಳುತ್ತಿತ್ತು. ಅಂದಿನಿಂದ ಚಿಕ್ಕಮ್ಮನ ಮಾತು ಮೊಬೈಲಿನಿಂದ ಹೊರಗೆ ಹೋಗಿ, ಇಂಟರ್ನೆಟ್ಟಿನಲ್ಲಿ ಊರೆಲ್ಲ ಸುತ್ತಿ, ಒಂದೇ ಅಂತಸ್ತು ಕೆಳಗಿನ ಕಿವಿಗೆ ಬಂದು ಬೀಳುತ್ತಿತ್ತು.

ಸುದ್ದಿ ತಿಳಿದು ದೊಡ್ಡಮ್ಮನೂ ಕಳ್ಳಹೆಜ್ಜೆಯಲ್ಲಿ ಮೇಲೆ ಬಂದಳು.

"ನೋಡು ಲೈನಕ್ಕ, ಮುಚ್ಚುಮರೆ ಯಾಕೆ," ಎಂದಳು. "ಇವರಿಬ್ಬರೂ ಒಂದಾಗಿದ್ದಾಗ ನಮ್ಮನ್ನು ಕೇಳೋರೇ ಇರಲಿಲ್ಲ. ಅಣ್ಣ ತಮ್ಮನನ್ನ ಕೇಳೋನು, ತಮ್ಮ ಅಣ್ಣನನ್ನ ಕೇಳೋನು, ನಾವು ಲೆಕ್ಕಕ್ಕೇ ಇಲ್ಲ. ಪಾಲಾದ ಮೇಲೆ ಪಾಪ, ಕೇಳೋಕೆ ಬೇರೆ ಯಾರಿದ್ದಾರೆ? ಬಟ್ಟೆ ಯಾವುದು, ಹತ್ತಿ ಯಾವುದು, ಎಲ್ಲ ನಮ್ಮನ್ನೇ ಕೇಳ್ತಾರೆ. ನಾವಿಬ್ಬರೂ ಮಧ್ಯಾಹ್ನ ಮಾತಾಡಿ ತೀರ್ಮಾನ ಮಾಡ್ತೀವಿ, ಸಂಜೆ ಅವರವರ ಗಂಡನಿಗೆ ಹೇಳ್ತೀವಿ. ಕಾರ್ಖಾನೆ ಯಾವತ್ತೂ ಇಷ್ಟು ಚೆನ್ನಾಗಿ ನಡೆದಿರಲಿಲ್ಲ."

"ನಾವು ಗೆಳತಿಯರು ಅಂತ ಗೊತ್ತಾದ್ರೆ ಇವರು ನಾಳೆನೇ ಒಂದಾಗಿಬಿಡ್ತಾರೆ," ಎಂದು ಚಿಕ್ಕಮ್ಮ ಕಣ್ಣಲ್ಲಿ ನೀರು ತಂದುಕೊಂಡಳು. "ನಮ್ಮ ಹೆಸರು ಹೇಳಬೇಡ ಕಣೆ."

ಹೇಳದಿದ್ದರೆ ತನ್ನ ಅನ್ನ ಹೋಗುತ್ತದೆ, ಹೇಳಿದರೆ ಇವರ ಅಧಿಕಾರ ಹೋಗುತ್ತದೆ. ಲೈನಕ್ಕ ಇಬ್ಬರನ್ನೂ ಮನಸಾರೆ ಶಪಿಸುತ್ತ ಮನೆಗೆ ಹೋದಳು.

ಶನಿವಾರ ಮೆಟ್ಟಿಲ ಬುಡದಲ್ಲಿ ಪಂಚಾಯಿತಿ ಸೇರಿತು. ದೊಡ್ಡವರು ತಮ್ಮ ನೆಲದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಅಣ್ಣನ ನೆಲ ತುಳಿಯಬಾರದೆಂದು ಚಿಕ್ಕವರು ಕೊನೆಯ ಮೆಟ್ಟಿಲ ಮೇಲೆ ಕೂತರು. ಹೆಂಡತಿಯರು ಒಬ್ಬರಿಗೊಬ್ಬರು ಬೆನ್ನು ಮಾಡಿ ನಿಂತರು.

"ಕಳ್ಳ ಅವರ ಕಡೆಯವನಾ ಅಂತ ಮೇಲಿನವರನ್ನ ಕೇಳಮ್ಮ," ಎಂದರು ದೊಡ್ಡವರು.

ಕೈ ಚಾಚಿದರೆ ಮೂಗು ಸಿಗುವಷ್ಟು ಹತ್ತಿರದಲ್ಲಿದ್ದ ಚಿಕ್ಕವರು, "ಮಾತಾಡಿದ್ದು ಅವರ ಕೋಣೆಯ ಫೋನಲ್ಲಿ ಅಂತ ಕೆಳಗಿನವರಿಗೆ ಹೇಳಮ್ಮ," ಎಂದರು.

ಎಲ್ಲರ ಕರೆ ದಾಟಿಸುವ ಲೈನಕ್ಕ ಅಂದು ತಾನೇ ಎಕ್ಸ್‌ಚೇಂಜ್ ಆಗಿ ನಿಂತಿದ್ದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಪೂರ್ತಿ ನಿಜ ಹೇಳಲು ಮನಸ್ಸು ಬರಲಿಲ್ಲ.

"ಹೊರಗಿನ ಕಳ್ಳ ಯಾರೂ ಇಲ್ಲ," ಎಂದಳು. "ಪರೀಕ್ಷೆಗೆ ಹಾಕಿದ್ದ ಲೈನನ್ನ ಅಳಿಸೋದು ಮರೆತಿದ್ದೆ. ತಪ್ಪು ನನ್ನದೇ. ಈಗ ಮುಚ್ಚಿದ್ದೀನಿ. ಮಾತಾಡಿದ್ದು ಯಾರು ಅಂತ ಕೇಳಬೇಡಿ, ಹೇಳಲ್ಲ. ನಿಮ್ಮ ಮಾತನ್ನೂ ನಾನು ಯಾರಿಗೂ ಹೇಳಲ್ಲ."

ದೊಡ್ಡವರು ಕೆಂಡಾಮಂಡಲವಾಗಿ ಎದ್ದುನಿಂತರು. "ನೋಡಿದೆಯೇನೋ ತಮ್ಮಾ, ಎಂಥವಳನ್ನ ನಂಬಿಕೊಂಡಿದ್ವಿ!"

"ಹೂಂ ಅಣ್ಣಾ, ಇವತ್ತೇ ಕಿತ್ತು ಹಾಕಿಸೋಣ."

ಅಣ್ಣಾ, ತಮ್ಮಾ! ಎಷ್ಟೋ ಕಾಲದಿಂದ ಕೇಳಿರದ ಆ ಎರಡು ಶಬ್ದಕ್ಕೆ ಹೊಲಿಗೆಯ ಯಂತ್ರಗಳು ಕೂಡ ನಿಂತವು. ದೊಡ್ಡಮ್ಮ ಗಾಬರಿಯಿಂದ ಚಿಕ್ಕಮ್ಮನತ್ತ ನೋಡಿದಳು. ಮರುಕ್ಷಣವೇ ಸೊಂಟಕ್ಕೆ ಕೈಯಿಟ್ಟು ಶುರುಮಾಡಿದಳು.

"ಓಹೋ, ಮೇಲಿನವಳಿಗೆ ಇದೇ ಬೇಕಾಗಿತ್ತು! ಲೈನಕ್ಕನ್ನ ಓಡಿಸಿ ತನ್ನ ತವರಿನವರನ್ನ ತಂದು ಕೂರಿಸಬೇಕಾಗಿತ್ತು!"

"ನಮ್ಮ ತವರಿನವರ ಸುದ್ದಿಗೆ ಬಂದ್ರೆ ಜೋಕೆ!" ಚಿಕ್ಕಮ್ಮನ ದನಿ ಸೂರಿಗೆ ತಾಗಿತು. "ಲೈನಕ್ಕ ಕಾಲಿಟ್ಟ ದಿನದಿಂದ ಅವಳನ್ನ ಓಡಿಸೋಕೆ ಹೊಂಚು ಹಾಕ್ತಿರೋದು ನೀವು! ನಿಮ್ಮ ತಮ್ಮ ಆ ದೊಡ್ಡ ಕಂಪನಿಯವರ ಜೊತೆ ಓಡಾಡೋದು ನಮಗೇನು ಗೊತ್ತಿಲ್ವಾ?"

ದೊಡ್ಡಮ್ಮನಿಗೆ ತಮ್ಮನೇ ಇರಲಿಲ್ಲ. ಆದರೂ ಅವಳು ಇಲ್ಲದ ತಮ್ಮನಿಗಾಗಿ ಗೋಳೋ ಎಂದು ಅತ್ತಳು. ಚಿಕ್ಕಮ್ಮ ಅದಕ್ಕಿಂತ ಜೋರಾಗಿ ಅತ್ತಳು. ಲೈನಕ್ಕ ತುಟಿ ಕಚ್ಚಿಕೊಂಡು ನೆಲ ನೋಡುತ್ತ ನಿಂತಳು, ನಗು ಹೊರಗೆ ಬಂದರೆ ಎಲ್ಲರ ಕಥೆ ಮುಗಿದಂತೆ.

"ಹೌದಾ? ಇದು ಮೇಲಿನವರ ಆಟವಾ?" ದೊಡ್ಡವರು ಗುಡುಗಿದರು. "ಹಾಗಾದ್ರೆ ಲೈನಕ್ಕ ಎಲ್ಲಿಗೂ ಹೋಗಲ್ಲ! ನನಗೆ ಅವಳೇ ಬೇಕು, ಬೇರೆ ಪೆಟ್ಟಿಗೆ ಕಟ್ಟಲಿ!"

"ಅವರೊಬ್ಬರಿಗೇ ಬರೆದುಕೊಟ್ಟಿದೆಯಾ ಅವಳನ್ನ?" ಚಿಕ್ಕವರು ಮೆಟ್ಟಿಲ ಮೇಲೆ ಕಾಲು ಅಪ್ಪಳಿಸಿದರು. "ನಮಗೂ ಅವಳೇ ಬೇಕು! ನಮಗೂ ಒಂದು ಪೆಟ್ಟಿಗೆ!"

ಒಂದು ಪೆಟ್ಟಿಗೆ ಕಳೆದುಕೊಳ್ಳಲು ಬಂದಿದ್ದ ಲೈನಕ್ಕ ಹೀಗೆ ಎರಡು ಪೆಟ್ಟಿಗೆಯ ಒಡತಿಯಾಗಿ ಮನೆಗೆ ಹೋದಳು. ಈ ಸಲ ಕೆಲಸ ಕಟ್ಟುನಿಟ್ಟು. ವಾರಗಿತ್ತಿಯರಿಗೆ ಒಂದು ಲೈನು ಹಾಕಿದಳು ನಿಜ, ಆದರೆ ಮಾರುದ್ದದ ಪಾಸ್‌ವರ್ಡ್ ಇಟ್ಟು, ದಾರಿಯಲ್ಲಿ ಯಾರು ಕದ್ದು ಕೇಳಿದರೂ ಬರೀ ಗೊರಗೊರ ಸದ್ದು ಸಿಗುವ ಹಾಗೆ ಬಂದೋಬಸ್ತು ಮಾಡಿದಳು.

ಹೊಸ ಪೆಟ್ಟಿಗೆಗೆ ಕೊನೆಯ ತಿರುಪು ಬಿಗಿಯುತ್ತಿದ್ದಾಗ ದೊಡ್ಡವರು ಒಬ್ಬರೇ ಬಂದು ಹತ್ತಿರ ನಿಂತರು. ಕೆಮ್ಮಿದರು. ಅತ್ತಿತ್ತ ನೋಡಿದರು.

"ಆ ಪರೀಕ್ಷೆ ಲೈನು... ಮೇಲಕ್ಕೂ ಹೋಗ್ತಿತ್ತಾ?"

"ಹೋಗ್ತಿತ್ತು."

"ಮೊದಲೇ ಹೇಳಬಾರದಿತ್ತಾ?"

ಲೈನಕ್ಕನ ಕೈಯಿಂದ ತಿರುಪು ಜಾರಿ ಬಿತ್ತು. ದೊಡ್ಡವರು ಬಗ್ಗಿ ಅದನ್ನು ಹುಡುಕಿಕೊಡುತ್ತ, ಮುಖ ಮೇಲೆತ್ತದೆಯೇ ಹೇಳಿದರು. "ಮೇಲೆ ತಮ್ಮ ರಾತ್ರಿ ಹಗಲು ಕೆಮ್ಮುತ್ತಾನೆ. ಹತ್ತಿಯ ಧೂಳು. ಚಿಕ್ಕಂದಿನಿಂದ ಆಗಲ್ಲ ಅವನಿಗೆ. ಹೋಗಿ ಕೇಳೋಣ ಅಂದ್ರೆ ನಮ್ಮವಳು... ಮೊನ್ನೆ ನೋಡಿದೆಯಲ್ಲ. ಅವರ ಹೆಸರೆತ್ತಿದರೆ ಮನೆ ರಣರಂಗ ಮಾಡ್ತಾಳೆ. ಮೊಬೈಲಿಗೆ ಮಾಡಿದ್ರೆ ಹೆಸರು ನೋಡಿಬಿಡ್ತಾಳೆ. ಅವಳಿಗೆ ಗೊತ್ತಾಗದ ಹಾಗೆ ಒಂದು ಲೈನು ಹಾಕಿಕೊಡಮ್ಮ."

ಮಾರನೆಯ ದಿನ ಚಿಕ್ಕವರು ಬಂದರು. ಅದೇ ಕೆಮ್ಮು, ಅದೇ ಮಾತು. ಅಣ್ಣನಿಲ್ಲದೆ ತಲೆಯೇ ಓಡುವುದಿಲ್ಲವಂತೆ, ಹೆಂಡತಿಗೆ ಹೆದರಿ ಸುಮ್ಮನಿದ್ದಾರಂತೆ.

ಲೈನಕ್ಕ ಅಂಗಡಿಗೆ ಹೋಗಿ ಬಾಗಿಲು ಹಾಕಿಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಎದ್ದಳು. ಹೆಂಗಸರು ಹೊಲಿಗೆಯ ಕೆಲಸ ನೋಡಲು ಹೋಗುವ ಹೊತ್ತಿಗೆ ಸೋದರರಿಗೆ ಇನ್ನೊಂದು ಲೈನು ಹಾಕಿದಳು. ಎರಡು ಲೈನೂ ಡಿಕ್ಕಿಯಾಗದಂತೆ ಕಾಯುವುದು ಈಗ ಅವಳ ಹಣೆಬರಹ. ಡಿಕ್ಕಿಯಾದರೆ ಎಲ್ಲರ ಗುಟ್ಟೂ ಒಟ್ಟಿಗೆ ರಟ್ಟಾಗಿ, ಎರಡು ಪೆಟ್ಟಿಗೆಯೂ ಒಟ್ಟಿಗೆ ಹೊರಬೀಳುತ್ತವೆ.

ಮೊದಲ ದಿನ ಪರದೆಯ ಮುಂದೆ ಉಸಿರು ಬಿಗಿಹಿಡಿದು ಕೂತಳು. ಕರೆ ಸೇರಿತು. ಆದರೆ ಎರಡು ಕಡೆಯಿಂದಲೂ ದನಿಯ ಗೆರೆ ಏಳಲೇ ಇಲ್ಲ. ಲೈನು ಕೆಟ್ಟಿತೇ ಎಂದು ಇನ್ನೇನು ತಂತಿ ಹಿಡಿದು ಏಳಬೇಕು, ಮೇಲಿನ ತುದಿಯಲ್ಲಿ ಒಂದು ಸಣ್ಣ ಗೆರೆ ಎದ್ದಿತು. ಕೆಮ್ಮೋ ಮಾತೋ, ಅವಳು ಕೇಳಲಿಲ್ಲ. ಕೂಡಲೇ ಕೆಳಗಿನ ತುದಿಯಲ್ಲೂ ಎದ್ದಿತು. ಆಮೇಲೆ ಎರಡೂ ಒಟ್ಟಿಗೆ, ನಿಲ್ಲದ ಹಾಗೆ, ಒಂದರ ಮೇಲೊಂದು ಬಿದ್ದು ಹೊರಳಿದವು.

ಹೊತ್ತು ಮೀರಿತು. ಗೆರೆಗಳು ನಿಲ್ಲಲಿಲ್ಲ. ದೊಡ್ಡಮ್ಮ ಕೋಣೆಗೆ ವಾಪಸು ಬರುವ ಸಮಯ. ಯಾರ ಕರೆಯನ್ನೂ ಜನ್ಮದಲ್ಲಿ ನಡುವೆ ಕತ್ತರಿಸದಿದ್ದ ಲೈನಕ್ಕ ದೊಡ್ಡಮ್ಮನ ಮೊಬೈಲಿಗೆ ಫೋನ್ ಮಾಡಿದಳು.

"ಅಕ್ಕ, ಇನ್ನು ಸ್ವಲ್ಪ ಹೊತ್ತು ಹೊಲಿಗೆಯವರ ಹತ್ತಿರವೇ ಇರಿ. ಲೈನಿನಲ್ಲಿ ಒಂಚೂರು ತೊಂದರೆ."

"ಮತ್ತೆ ಕಳ್ಳರಾ?"

"ಹೂಂ ಅಕ್ಕ. ಇಬ್ಬರು."

"ಇವರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೋಣೆಗೆ ಹೋದಾಗಲೇ ಅಂದ್ಕೊಂಡೆ," ಎಂದಳು ದೊಡ್ಡಮ್ಮ. ದನಿ ಯಾಕೋ ಒದ್ದೆಯಾಗಿತ್ತು. "ಮಾತಾಡ್ಕೊಳ್ಳಲಿ ಬಿಡು, ಪಾಪ. ಒಂದಾಗೋ ಮಾತೇನಾದ್ರೂ ಎತ್ತಿದ್ರೆ ಮಾತ್ರ ಕಟ್ ಮಾಡಿಬಿಡು."

"ನಾನು ಕೇಳಿಸ್ಕೊಳ್ಳಲ್ಲ ಅಕ್ಕ."

"ಅದೇ ಕಣೆ ನಿನ್ನ ಜೊತೆಗಿರೋ ಕಷ್ಟ," ಎಂದು ಬೈದು ದೊಡ್ಡಮ್ಮ ಫೋನ್ ಇಟ್ಟಳು.