ಕೇಶ್ವಾಪುರದ ಡಾಕ್ಟರ್ ವಾಲ್ಟರ್

ತಲೆ ಮತ್ತೆ ಎಡಕ್ಕೆ ವಾಲಿತು. ಪರಮೇಶ ಅದನ್ನು ಎರಡೂ ಅಂಗೈಗಳಲ್ಲಿ ಹಿಡಿದು ನೆಟ್ಟಗೆ ಮಾಡಿದ. ಡ್ರಾಯಿಂಗ್ ಮಾಸ್ತರ ಕುಬೇರಪ್ಪನವರು ಬಿಳಿ ಧೋತರದ ಪಟ್ಟಿಯನ್ನು ಹಣೆಯ ಸುತ್ತ ತಂದು ಗೋಡೆಯ ಗೂಟಕ್ಕೆ ಬಿಗಿಯತೊಡಗಿದರು.

“ಇನ್ನಷ್ಟು ಮ್ಯಾಲೆತ್ತಪಾ. ಇಪ್ಪತ್ತಾರು ವರ್ಷ ಕ್ಲಾಸಿನ್ಯಾಗ ತಲಿ ಬಗ್ಗಿಸಿದ ಮನಿಷ್ಯಾ ಅಲ್ಲ.”

ಪರಮೇಶ ಎತ್ತಿದ. ಬೆಳಿಗ್ಗೆ ಕ್ಷೌರ ಮಾಡಿಕೊಂಡಿದ್ದ ಕೆನ್ನೆ ನುಣುಪಾಗಿತ್ತು, ತಣ್ಣಗಿತ್ತು. ಊರಾಚೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದ ಗುರುಶಿದ್ದಪ್ಪ ಮಾಸ್ತರರು ಆ ಮಂಗಳವಾರ ಬೆಳಿಗ್ಗೆ ಏಳಕ್ಕೇ ಶಾಲೆಗೆ ಹೊರಟು, ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದಕ್ಕೆ ಬಾಗಿದವರು ಉಣಕಲ್ಲಿನ ಮನೆಯ ಹೊಸ್ತಿಲಲ್ಲೇ ಕುಸಿದಿದ್ದರು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಜೀವಮಾನವಿಡೀ ನಿಂತು ಪಾಠ ಹೇಳಿದವರನ್ನು ಈಗ ಲಿಂಗವಂತರ ಪದ್ಧತಿಯಂತೆ ಕಾಲು ಮಡಿಸಿ ಕೂರಿಸಿ, ಹಣೆ ತುಂಬ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಲಿಂಗ ಇಟ್ಟಿದ್ದರು.

ಪರಮೇಶ ಬಂಧುವಲ್ಲ, ಬಳಗವಲ್ಲ. ಕೇಶ್ವಾಪುರದಲ್ಲಿ ಐದು ಕಂಪ್ಯೂಟರುಗಳ ಒಂದು ಸೈಬರ್ ಕೆಫೆ ಇಟ್ಟುಕೊಂಡವನು. ಮಾಸ್ತರರು ಮೂರು ವರ್ಷದಿಂದ ಶನಿವಾರ ತಪ್ಪಿಸದೆ ಬರುತ್ತಿದ್ದ ಗಿರಾಕಿ. ಗಿರಾಕಿಯ ಮಣ್ಣಿಗೆಂದು ಅಂಗಡಿಗೆ ಬೀಗ ಜಡಿದು ಓಡಿಬರುವವರು ಎಷ್ಟು ಮಂದಿ? ಅವನು ಬಂದದ್ದು ಒಂದು ಮಾತು ಹೇಳುವುದಕ್ಕೆ. ಮಾಸ್ತರರಿಗೆ ಹೇಳಬೇಕಾಗಿದ್ದ ಮಾತು ಅದು, ಇಂದು ನಾಳೆ ಎಂದು ದಿನ ದೂಡಿದ್ದ. ಇನ್ನು ಅವರ ಹೆಂಡತಿ ಸಾವಕ್ಕನಿಗಾದರೂ, ಮಣ್ಣು ಬೀಳುವುದರೊಳಗೆ, ಹೇಳಿ ಮುಗಿಸಬೇಕಿತ್ತು. ಮಾಸ್ತರರ ಪ್ರಶ್ನೆಗಳಿಗೆ ಅಮೇರಿಕಾದಿಂದ ಉತ್ತರ ಬರೆಯುತ್ತಿದ್ದ ಡಾಕ್ಟರ್ ವಾಲ್ಟರ್ ಅಮೇರಿಕಾದವನಲ್ಲ. ಕೇಶ್ವಾಪುರದವನು, ತಾನೇ. ಮಾಸ್ತರರ ಮಾನ ಕಳೆದವನೂ ತಾನೇ.

*

ಎರಡು ಸಾವಿರನೇ ಇಸವಿಯ ಮಳೆಗಾಲದಲ್ಲಿ ಮಾಸ್ತರರು ಮೊದಲ ಸಲ ಕೆಫೆಯ ಮೆಟ್ಟಿಲು ಹತ್ತಿದ್ದರು. ಪರದೆ ಎಳೆದುಕೊಂಡು ಕೂತಿದ್ದ ಇಬ್ಬರು ಕಾಲೇಜು ಹುಡುಗರು ತಮ್ಮ ಹಳೆಯ ಮಾಸ್ತರರ ದನಿ ಕೇಳಿ, ಬಾಕಿ ಅರ್ಧ ತಾಸನ್ನೂ ಬಿಟ್ಟು ಮೆಲ್ಲಗೆ ಜಾಗ ಖಾಲಿ ಮಾಡಿದರು. ಮಾಸ್ತರರ ಕಂಕುಳಲ್ಲಿ ಒಂದು ಬಿಸ್ಕೀಟಿನ ಡಬ್ಬಿ ಇತ್ತು. ಅದರ ತುಂಬ ಒಂಬತ್ತನೇ ತರಗತಿಯ ಮಕ್ಕಳು ಬರೆದು ಹಾಕಿದ ಚೀಟಿಗಳು. ಪುಸ್ತಕದಲ್ಲಿ ಉತ್ತರ ಇಲ್ಲದ್ದನ್ನೇ ಕೇಳಬೇಕೆಂದು ಮಾಸ್ತರರ ತಾಕೀತು. ಚಳಿಗಾಲದ ಮುಂಜಾನೆ ಉಣಕಲ್ ಕೆರೆ ಹೊಗೆಯಾಡುವುದು ಯಾಕೆ? ಗೋಧಿ ಹಿಟ್ಟು ಎಳೆದಷ್ಟು ಬರುತ್ತದೆ, ಜೋಳದ ಹಿಟ್ಟು ಹರಿಯುತ್ತದೆ, ಯಾಕೆ? ಹೊರದೇಶದ ವಿಜ್ಞಾನಿಗಳು ಶಾಲಾಮಕ್ಕಳಿಗೆ ಉತ್ತರ ಬರೆಯುವ ತಾಣವೊಂದು ಇದೆಯೆಂದು ಅವರು ಎಲ್ಲೋ ಓದಿದ್ದರು. ಅದನ್ನು ಹುಡುಕಿ ಕೊಡು ಅಂದರು.

ಪರಮೇಶ ಹುಡುಕಿ, ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿ ಕಳಿಸಿದ. ಹತ್ತು ದಿನಕ್ಕೆ ವಾಲ್ಟರ್ ಎಂಬ ಡಾಕ್ಟರ ಉತ್ತರ ಬಂತು, ಎರಡು ಪುಟ. ಮಾಸ್ತರರು ಅದನ್ನು ಪ್ರಿಂಟು ಹಾಕಿಸಿಕೊಂಡು, ಕನ್ನಡಕ್ಕಿಳಿಸಿ, ಸೋಮವಾರದ ಮೊದಲ ಪಿರಿಯಡ್ಡಿನಲ್ಲಿ ಓದಿದರು. ಓದಿ ಸುಮ್ಮನಾಗಲಿಲ್ಲ. ಡಿಸೆಂಬರಿನಲ್ಲಿ ಮಕ್ಕಳನ್ನು ಮುಂಜಾನೆ ಕೆರೆಯ ದಂಡೆಗೆ ಕರೆದುಕೊಂಡು ಹೋಗಿ, ಗಾಳಿಯ ಬಿಸಿ ಎಷ್ಟು, ನೀರಿನ ಬಿಸಿ ಎಷ್ಟು ಎಂದು ಅಳೆಸಿದರು. ಹಿಂದಿನ ಬೆಂಚಿನವರೂ ಡಬ್ಬಿಗೆ ಚೀಟಿ ಹಾಕತೊಡಗಿದರು.

ಹೊಸ ವರ್ಷದ ಹೊತ್ತಿಗೆ ಆ ತಾಣ ಮುಚ್ಚಿತು. ಕಳಿಸಿದ ಪತ್ರಗಳೆಲ್ಲ ಗೋಡೆಗೆ ಬಡಿದ ಚೆಂಡಿನಂತೆ ತಿರುಗಿ ಬಂದವು. ಆ ಶನಿವಾರ ಮಾಸ್ತರರು ಬಾಗಿಲಲ್ಲೇ ನಿಂತು, “ಬಂತೇನಪಾ?” ಅಂದಾಗ ಪರಮೇಶನಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಡಾಕ್ಟರರ ವಿಳಾಸ ಬದಲಾಗಿದೆ, ಮುಂದಿನ ವಾರ ಬರುತ್ತದೆ ಅಂದುಬಿಟ್ಟ.

ಅಂದ ಮೇಲೆ ಬರಲೇಬೇಕಲ್ಲ. ಅಪ್ಪ ತೀರಿಕೊಂಡಾಗ ಬಿ.ಎಸ್ಸಿ. ಎರಡನೇ ವರ್ಷಕ್ಕೇ ಬಿಟ್ಟು ಗಲ್ಲಾಪೆಟ್ಟಿಗೆಯ ಹಿಂದೆ ಕೂತವನು ಪರಮೇಶ. ವಾಲ್ಟರ್ ಹೆಸರಿನಲ್ಲಿ ತಾನೇ ಒಂದು ವಿಳಾಸ ಮಾಡಿಕೊಂಡ. ವಾರವಿಡೀ ಅಲ್ಲಿ ಇಲ್ಲಿ ಹುಡುಕಿ, ಎರಡು ಮೂರು ಕಡೆ ತಾಳೆ ನೋಡಿ, ಶುಕ್ರವಾರ ಸಂಜೆ ಉತ್ತರ ಕಳಿಸುತ್ತಿದ್ದ. ಶುಕ್ರವಾರ ಕರೆಂಟು ಹೋದರೆ ಆ ವಾರ ಉತ್ತರವಿಲ್ಲ. ಕಾಲೇಜಿನಲ್ಲಿ ಓದಿದ್ದಕ್ಕಿಂತ ಹೆಚ್ಚು ಓದಿದ. ಗಿರಾಕಿಗಳಿಗೆ ಚಿಲ್ಲರೆ ಕೊಡುವುದನ್ನೂ ಮರೆತು ಓದಿದ. ಬದುಕಿನಲ್ಲಿ ತಾನೊಬ್ಬ ಬೇಕಾದವನು ಅನ್ನಿಸಿದ್ದು ಆ ದಿನಗಳಲ್ಲೇ. ಸುಳ್ಳು ಹೇಳುತ್ತಿದ್ದೇನೆ ಎಂಬುದು ಅವನಿಗೆ ನೆನಪಾಗುತ್ತಿದ್ದದ್ದು ಶನಿವಾರ ಮಾತ್ರ.

*

ಅಂಗಳದಲ್ಲಿ ಭಜನೆಯವರು ತಾಳ ಹಿಡಿದು ಕೂತಿದ್ದರು. ಹೊರಗಿನಿಂದ ಚಹಾ ಬಂತು. ಸಾವಕ್ಕನ ತಮ್ಮ ಮುರುಗೆಪ್ಪ ಗರಗದಿಂದ ಆಗಷ್ಟೇ ಬಂದಿಳಿದಿದ್ದ. ಗಟ್ಟಿಮುಟ್ಟಾಗಿದ್ದ ಭಾವನಿಗೆ ಹಿಂಗ್ಯಾಕಾತು ಎಂದು ಕುಬೇರಪ್ಪನವರನ್ನು ಕೇಳಿದ.

“ಹೋದ ತಿಂಗಳು ಆ ಸಾಹೇಬ ಬಂದು ಹೋದಾಗಿಂದ ಮನಿಷ್ಯಾ ಅರ್ಧಾ ಆಗಿದ್ರಪಾ,” ಅಂದರು ಕುಬೇರಪ್ಪ.

ಅವರು ಹೇಳಿದ್ದನ್ನು ಪರಮೇಶ ಚಹಾದ ಕಪ್ಪು ಹಿಡಿದು, ಕುಡಿಯದೆ ಕೇಳಿದ. ಶಾಲೆ ನೋಡಲು ಬಂದ ಮೇಲಧಿಕಾರಿಯೊಬ್ಬರು ಮಕ್ಕಳನ್ನು, ಇಂಟರ್ನೆಟ್ಟಿನಿಂದ ಏನು ಕಲಿತಿರಿ ಎಂದು ಕೇಳಿದರು. ಕಾವೇರಿ ಎಂಬ ಹುಡುಗಿ ಎದ್ದು ನಿಂತು, ಆಳದ ಬಾವಿಯೊಳಗೆ ಇಳಿದು ನೋಡಿದರೆ ಹಗಲಲ್ಲೂ ನಕ್ಷತ್ರ ಕಾಣುತ್ತವೆ ಅಂದಳು. ಸಾಹೇಬರು ಬಿದ್ದು ಬಿದ್ದು ನಕ್ಕರು. ಮಾಸ್ತರರನ್ನು ಮಕ್ಕಳ ಮುಂದೆಯೇ ನಿಲ್ಲಿಸಿಕೊಂಡು, ಇದು ಯಾವ ಕಾಲದ ಕಟ್ಟುಕತೆ, ಬಾವಿಯಲ್ಲಿ ಇಳಿದವರೆಷ್ಟು ಮಂದಿ, ಕಂಡವರೆಷ್ಟು ಮಂದಿ ಎಂದು ಕೇಳಿದರು. ವಹಿಯಲ್ಲಿ ಏನೋ ಬರೆದು ಹೋದರು. ಸೋಮವಾರದ ಪಿರಿಯಡ್ಡು ನಿಂತಿತು. ಬಿಸ್ಕೀಟಿನ ಡಬ್ಬಿ ಹೆಡ್‌ಮಾಸ್ತರರ ಕಪಾಟು ಸೇರಿತು.

“ಬಾವಿ ಮಾಸ್ತರ ಅಂತ ಹೆಸರಿಟ್ರು ನಮ್ಮ ಸ್ಟಾಫಿನವರ. ನಾನೂ ಒಮ್ಮೆ ಅಂದೇನಿ,” ಅಂದ ಕುಬೇರಪ್ಪನವರು ಮುಖ ಆಚೆ ತಿರುಗಿಸಿಕೊಂಡರು. “ಅಂದಿದ್ದಕ್ಕ ನಕ್ಕರು ಅಷ್ಟ.”

ಬಾವಿಯ ಪ್ರಶ್ನೆಗೆ ಉತ್ತರ ಬರೆದ ಶುಕ್ರವಾರ ಪರಮೇಶನಿಗೆ ಚೆನ್ನಾಗಿ ನೆನಪಿತ್ತು. ಹಗಲೆಲ್ಲ ಕರೆಂಟು ಇರಲಿಲ್ಲ. ಸಂಜೆ ಆರಕ್ಕೆ ಬಂತು, ಏಳಕ್ಕೆ ಮತ್ತೆ ಹೋಗುವುದಿತ್ತು. ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದು ಒಂದೇ ಪುಟ. ತಾಳೆ ನೋಡಲು ಹೊತ್ತಿರಲಿಲ್ಲ. ಹೌದು, ಕಾಣುತ್ತವೆ ಎಂದು ಬರೆದು ಕಳಿಸಿದ್ದ.

*

ಸಾಹೇಬರು ನಕ್ಕ ಸುದ್ದಿ ಕೆಫೆಗೆ ಬರುವ ಹುಡುಗರಿಂದ ಆಗಲೇ ಕಿವಿಗೆ ಬಿದ್ದಿತ್ತು, ಅಂದಿನಿಂದ ಪರಮೇಶ ಬರೆಯುವುದನ್ನೇ ನಿಲ್ಲಿಸಿದ್ದ. ಇನ್ನೊಂದು ತಪ್ಪಾದರೆ ಮಾಸ್ತರರ ನೌಕರಿಗೇ ಕುತ್ತು ಬಂದೀತೆಂದು ಹೆದರಿದ. ಡಬ್ಬಿ ಇಲ್ಲದಿದ್ದರೂ ಮಾಸ್ತರರು ಶನಿವಾರ ಬರುವುದು ತಪ್ಪಲಿಲ್ಲ. ಸೈಕಲ್ಲಿಗೆ ಬೀಗ ಹಾಕಿ, ಮೆಟ್ಟಿಲು ಹತ್ತಿ, “ಬಂತೇನಪಾ?” ಅನ್ನುವರು. ಇಲ್ಲರಿ ಅಂದರೆ ಹತ್ತು ನಿಮಿಷ ಸ್ಟೂಲಿನ ಮೇಲೆ ಕೂತು, ಬೆವರು ಒರೆಸಿಕೊಂಡು, ಬರತೇನಿ ಎಂದು ಇಳಿದು ಹೋಗುವರು. ಕಂಪ್ಯೂಟರಿನತ್ತ ನೋಡುತ್ತಿರಲಿಲ್ಲ, ಪರಮೇಶನನ್ನೇ ನೋಡುತ್ತಿದ್ದರು. ಹೀಗೆ ನಾಲ್ಕು ಶನಿವಾರ.

ನಾಲ್ಕನೆಯ ಶನಿವಾರ, ಅಂದರೆ ಈಗ ಮೂರು ದಿನದ ಹಿಂದೆ, ಅವರು ಎದ್ದು ಹೋಗಲಿಲ್ಲ. ಸ್ಟೂಲನ್ನು ಹತ್ತಿರ ಎಳೆದುಕೊಂಡರು.

“ಇವತ್ತು ಮಕ್ಕಳದ್ದಲ್ಲ, ನಂದ ಒಂದು ಹಾಕು. ಕನ್ನಡದಾಗ ಹೇಳತೇನಿ, ನೀ ಇಂಗ್ಲಿಷ್ ಮಾಡ್ಕೋ. ಡಾಕ್ಟರ್ ಸಾಹೇಬ್ರ, ನಮ್ಮೂರಾಗ ಒಂದು ಒಣಬಾವಿ ಐತಿ. ಇಳಿದು, ನಡು ಮಧ್ಯಾಹ್ನ ಮ್ಯಾಲೆ ನೋಡಿದೆ. ನಕ್ಷತ್ರ ಕಾಣಲಿಲ್ಲ. ತಪ್ಪಾತು, ಆಗಲಿ. ತಪ್ಪು ಮಾಡದ ಮಾಸ್ತರ ಎಲ್ಲಿ ಅದಾನ? ಬರಿಯೂದು ಮಾತ್ರ ಬಿಡಬ್ಯಾಡ್ರಿ.”

ಪರಮೇಶ ತಲೆ ಎತ್ತದೆ ಟೈಪು ಮಾಡಿದ. ಇಷ್ಟಾದರೂ ಈ ಮನುಷ್ಯನಿಗೆ ಇಲ್ಲದ ಡಾಕ್ಟರನ ಮೇಲೆ ಎಷ್ಟು ನಂಬಿಕೆ! ಮುಂದಿನ ಶನಿವಾರ ಎಲ್ಲ ಹೇಳಿಬಿಡುತ್ತೇನೆ ಅಂದುಕೊಂಡು ಗುಂಡಿ ಒತ್ತಿದ. ಪತ್ರ ಅಲ್ಲೇ, ಅದೇ ಕಂಪ್ಯೂಟರಿನಲ್ಲಿ, ಅವನದೇ ಇನ್ನೊಂದು ವಿಳಾಸಕ್ಕೆ ಬಂದು ಬಿತ್ತು. ಅದನ್ನು ಅವನು ತೆರೆದಿರಲಿಲ್ಲ.

*

ಹೆಣ ಎತ್ತುವ ಮೊದಲು ಹೆಂಗಸರು ಪಾದಕ್ಕೆ ನೀರು ಹಾಕಿ ಸರಿದರು. ಸಾವಕ್ಕ ಬಾಗಿಲ ಬಳಿ, ಮಾಸ್ತರರ ಆ ಎರಡು ಚಪ್ಪಲಿಗಳ ಪಕ್ಕ ಕೂತಿದ್ದಳು. ಅತ್ತು ಅತ್ತು ದನಿ ಹೋಗಿತ್ತು. ಪರಮೇಶ ಅವಳ ಮುಂದೆ ಮೊಣಕಾಲೂರಿ, ನಿಮಗೊಂದು ಮಾತು ಹೇಳಬೇಕು ಅಂದ.

ಅವಳಿಗೆ ಅವನನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು.

“ಕೇಶ್ವಾಪುರದ ಪರಮೇಶ ಅಲ್ಲೇನ ನೀ? ಶುಕ್ರವಾರ ಬಂದ್ರ ಪೇಪರಿನ್ಯಾಗ ನಿಮ್ಮ ಓಣಿ ಹೆಸರು ಹುಡುಕತಿದ್ರಪಾ ಇವರು. ಇವತ್ತು ಕೇಶ್ವಾಪುರದಾಗ ಕರೆಂಟ್ ತಗೀತಾರ, ನಾಳೆ ಅಮೇರಿಕಾದ ಡಾಕ್ಟರಿಂದ ಉತ್ತರ ಬರಂಗಿಲ್ಲ ಅಂತ ಒಬ್ಬರ ನಗತಿದ್ರು. ಅದ್ರಾಗ ನಗೂದು ಏನೈತಿ ಅಂತ ನನಗ ತಿಳೀತಿದ್ದಿಲ್ಲ.”

ಪರಮೇಶ ಇನ್ನಷ್ಟು ಹತ್ತಿರ ಸರಿದ.

“ಯಾವಾಗಿಂದ ಹಂಗಂತಿದ್ರು, ಅವ್ವಾ?”

“ಮೊದಲಿಂದಾನೂ. ಎರಡು ವರ್ಷದ ಮ್ಯಾಲಾತು. ಹುಡುಗ ಸಾಲಿ ಅರ್ಧಕ್ಕ ಬಿಟ್ಟಾನ, ಈಗ ಓದಾಕತ್ತಾನ, ಓದಲಿ ಬಿಡು ಅಂತಿದ್ರು. ಯಾವ ಹುಡುಗ ಅಂತ ನಾ ಕೇಳಲಿಲ್ಲ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ನೀ ಏನೋ ಹೇಳ್ತೇನಿ ಅಂದ್ಯಲ್ಲ?”

ಏನೂ ಇಲ್ಲ ಎಂದು ತಲೆಯಾಡಿಸಿದ. ಹೇಳುವುದಕ್ಕೆ ಏನು ಉಳಿದಿತ್ತು? ಮಾಸ್ತರರಿಗೆ ಎಲ್ಲ ಗೊತ್ತಿತ್ತು. ಬಾವಿಯ ಉತ್ತರ ಬರೆದವನು ಯಾರೆಂಬುದು ಆ ಸಾಹೇಬರ ಮುಂದೆ ನಿಂತಾಗಲೂ ಗೊತ್ತಿತ್ತು, ಹೆಸರು ಬಾಯಿ ಬಿಟ್ಟಿರಲಿಲ್ಲ. ನಾಲ್ಕು ಶನಿವಾರ ಉಣಕಲ್ಲಿನಿಂದ ಸೈಕಲ್ಲು ತುಳಿದು ಬಂದು, ಬಂತೇನಪಾ ಎಂದು ಕೇಳಿದ್ದು ಅಮೇರಿಕಾದ ಡಾಕ್ಟರನನ್ನಲ್ಲ. ಬರಿಯೂದು ಬಿಡಬ್ಯಾಡ್ರಿ ಅಂದದ್ದೂ ಅವನಿಗಲ್ಲ. ಇಲ್ಲರಿ, ಇಲ್ಲರಿ ಎಂದು ನಾಲ್ಕು ಸಲವೂ ಅವರನ್ನು ಬರಿಗೈಯಲ್ಲಿ ಕಳಿಸಿದ್ದು ತಾನು. ಪರಮೇಶ ಎದ್ದು ಹೋಗಿ ಹೆಣ ಕೂರಿಸಿದ್ದ ವಿಮಾನದ ಒಂದು ಬಿದಿರಿಗೆ ಹೆಗಲು ಕೊಟ್ಟ.

*

ಸ್ಮಶಾನದಲ್ಲಿ ಕುಣಿ ತೋಡಿ ಮುಗಿದಿತ್ತು. ಸತ್ತವರ ಪಾದದಿಂದಲೇ ಅಳೆದು, ಒಂಬತ್ತು ಪಾದದ ಆಳ. ಒಳಗೆ ಒಂದು ಬದಿಗೆ ಕೂರಿಸಲು ಗೂಡು ಕೊರೆದಿದ್ದರು. ಹೆಣ ಇಳಿಸಿಕೊಳ್ಳಲು ಇಬ್ಬರು ಕುಣಿಗೆ ಇಳಿಯಬೇಕೆಂದು ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಹೇಳಿದರು. ಮುರುಗೆಪ್ಪ ಇಳಿದ. ಇನ್ನೊಬ್ಬರು ಯಾರು ಎಂದು ಕುಬೇರಪ್ಪನವರು ಸುತ್ತ ನೋಡುವಷ್ಟರಲ್ಲಿ ಪರಮೇಶ ಅಂಗಿ ಕಳಚಿಟ್ಟು ಇಳಿದಿದ್ದ.

ಮೇಲಿನಿಂದ ಮಾಸ್ತರರು ಬಿಳಿ ವಸ್ತ್ರದಲ್ಲಿ ಕೂತ ಹಾಗೆಯೇ ಇಳಿದು ಬಂದರು. ಭಾರವೆಲ್ಲ ಪರಮೇಶನ ಎದೆಯ ಮೇಲೆ ಬಂತು. ಇಬ್ಬರೂ ಸೇರಿ ಗೂಡಿನೊಳಗೆ ಸರಿಸಿದರು. ಮುರುಗೆಪ್ಪ ವಿಭೂತಿ ಗಟ್ಟಿಗಳನ್ನು ಸುತ್ತ ಜೋಡಿಸಿ, ಪತ್ರಿ ಇಟ್ಟು, ಕೈ ಚಾಚಿದವರನ್ನು ಹಿಡಿದು ಮೇಲೆ ಹತ್ತಿದ. ಪರಮೇಶ ಹತ್ತಲಿಲ್ಲ. ತಲೆ ಮತ್ತೆ ಎಡಕ್ಕೆ ವಾಲಿತ್ತು. ಇಲ್ಲಿ ಕಟ್ಟಲು ಗೂಟವಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡ.

ಕುಬೇರಪ್ಪನವರು ಬಾಗಿ ಕೈ ಇಳಿಬಿಟ್ಟರು. “ಬಾರಪಾ, ಹೊತ್ತಾತು. ಏನ್ ನೋಡಾಕತ್ತೀ?”

ಪರಮೇಶ ಮೇಲೆ ನೋಡುತ್ತಿದ್ದ. ಬಗ್ಗಿ ನಿಂತ ತಲೆಗಳ ನಡುವೆ ಬಾಗಿಲಿನಷ್ಟು ಆಕಾಶ ಇತ್ತು. ನಡು ಮಧ್ಯಾಹ್ನದ ಬಿಸಿಲಿಗೆ ಅದು ಬೆಳ್ಳಗೆ ಉರಿಯುತ್ತಿತ್ತು. ಅವನು ಅದನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಏನನ್ನೂ ಬಿಡದೆ, ಕಣ್ಣಲ್ಲಿ ನೀರು ಬರುವವರೆಗೂ ನೋಡಿದ. ಆಮೇಲೆ ಗೂಡಿನತ್ತ ಬಾಗಿ, ಮಾಸ್ತರರ ಕಿವಿಯ ಹತ್ತಿರ ಹೇಳಿದ.

“ಒಂದೂ ಕಾಣವಲ್ದ್ರಿ, ಸರ.”

ಮೇಲಿನಿಂದ ಯಾರೋ ಅವಸರದಲ್ಲಿ ಹಾಕಿದ ಮೊದಲ ಹಿಡಿ ಮಣ್ಣು ಅವನ ಬೆನ್ನ ಮೇಲೆ ಬಿತ್ತು. ಕುಬೇರಪ್ಪನವರ ಕೈ ಇನ್ನೂ ಇಳಿಬಿಟ್ಟೇ ಇತ್ತು. ಪರಮೇಶ ಮಾಸ್ತರರ ತಲೆಯನ್ನು ನೆಟ್ಟಗೆ ಹಿಡಿದು ನಿಂತಿದ್ದ.